ಈಸ್ನೋಫಿಲಿಯಾ: ಗುಲಾಬಿ ಬಣ್ಣದ ಒಂದು ರಕ್ತಕಣದ ಚರಿತ್ರೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ಕಂತಿನಲ್ಲಿ ರಾಜರ ಕಥೆಯೂ ಇಲ್ಲ, ಯುದ್ಧದ ಕಥೆಯೂ ಇಲ್ಲ. ನಿಮ್ಮ ಮನೆಯ ಬೀರುವಿನಲ್ಲಿ ಯಾವುದೋ ಫೈಲಿನೊಳಗೆ ಇರಬಹುದಾದ ಒಂದು ಲ್ಯಾಬ್ ರಿಪೋರ್ಟಿನ ಕಥೆ ಹೇಳ್ತೀನಿ. ರಿಪೋರ್ಟ್ ಪೂರ್ತಿ ಅಲ್ಲ, ಅದರ ಒಂದೇ ಒಂದು ಸಾಲು.

ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಆದ ಮೇಲೆ ಬಿಳಿ ರಕ್ತಕಣಗಳ ಲೆಕ್ಕ ಬರುತ್ತಲ್ಲ, ಅಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಅಂತೆಲ್ಲ ಇರುತ್ತೆ. ಅದರ ಕೆಳಗೆ ಇಯೋಸಿನೋಫಿಲ್ ಅಂತ ಒಂದು ಸಾಲು. ಬಹಳ ಜನ ಅದನ್ನು ಕಣ್ಣೆತ್ತಿಯೂ ನೋಡೋದಿಲ್ಲ. ಆದರೆ ಅದರಿಂದ ಹುಟ್ಟಿದ ಒಂದು ಪದ ಮಾತ್ರ ನಮ್ಮ ಮನೆಮಾತಿನಲ್ಲೇ ಸೇರಿಹೋಗಿದೆ. "ಅವನಿಗೆ ಈಸ್ನೋಫಿಲಿಯಾ ಕಣ್ರೀ, ಐಸ್‌ಕ್ರೀಮ್ ಕೊಡಬೇಡಿ" ಅನ್ನೋ ಮಾತು ಕೇಳದವರು ಕಡಿಮೆ. ಮಳೆಗಾಲದಲ್ಲಿ ರಾತ್ರಿಯೆಲ್ಲ ಕೆಮ್ಮುವ ಮಗುವಿಗೆ ಈಸ್ನೋಫಿಲಿಯಾ. ಧೂಳು ಕಂಡರೆ ಸೀನುವ ಚಿಕ್ಕಮ್ಮನಿಗೂ ಅದೇ.

ಅಸಲಿಗೆ ಈಸ್ನೋಫಿಲಿಯಾ ಅನ್ನೋದು ಕಾಯಿಲೆಯ ಹೆಸರೇ ಅಲ್ಲ. ರಕ್ತದಲ್ಲಿ ಒಂದು ಬಗೆಯ ಕಣ ಹೆಚ್ಚಾಗಿದೆ ಅನ್ನುವ ಸುದ್ದಿ, ಅಷ್ಟೆ. ಯಾಕೆ ಹೆಚ್ಚಾಯಿತು ಅನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಉಬ್ಬಸ ಹೊರಗಿನಿಂದ ಒಂದೇ ಥರ ಕೇಳಿಸುತ್ತೆ. ಎದೆಯೊಳಗೆ ನಡೆಯೋದು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಈ ವ್ಯತ್ಯಾಸ ಗೊತ್ತಾಗದೇ ಇದ್ದಾಗ, ಚೆನ್ನಾಗಿ ಕೆಲಸ ಮಾಡುವ ಔಷಧಿಯನ್ನೇ ವೈದ್ಯಲೋಕ "ಪ್ರಯೋಜನವಿಲ್ಲ" ಅಂತ ಬದಿಗಿಡಲು ಹೊರಟಿತ್ತು. ಅದೂ ಒಂದು ಸಲ ಅಲ್ಲ, ಐವತ್ತು ವರ್ಷಗಳ ಅಂತರದಲ್ಲಿ ಎರಡು ಸಲ. ಎರಡೂ ಸಲ ಔಷಧಿಯನ್ನು ಉಳಿಸಿದ್ದು ಈ ಕಣದ ಲೆಕ್ಕ. ಅಲ್ಲಿಗೆ ಹೋಗೋ ಮುಂಚೆ ಮೊದಲಿಂದ ಶುರು ಮಾಡೋಣ.

ಬಣ್ಣದ ಕಾರ್ಖಾನೆಯಿಂದ ಬಂದ ಹೆಸರು

19ನೇ ಶತಮಾನದ ಕೊನೆಯ ಭಾಗ. ಜರ್ಮನಿಯಲ್ಲಿ ಬಣ್ಣದ ಉದ್ಯಮ ಜೋರಾಗಿದ್ದ ಕಾಲ. ಕಲ್ಲಿದ್ದಲಿನ ಟಾರಿನಿಂದ ಬಟ್ಟೆಗೆ ಹಾಕುವ ಬಗೆಬಗೆಯ ಕೃತಕ ಬಣ್ಣಗಳನ್ನು ತೆಗೆಯುತ್ತಿದ್ದರು. ಅದರಲ್ಲಿ ಕೆಂಪು-ಗುಲಾಬಿಯ ಒಂದು ಬಣ್ಣ ಇಯೋಸಿನ್. ಗ್ರೀಕರಲ್ಲಿ ಇಯೋಸ್ ಅಂದರೆ ಮುಂಜಾವಿನ ದೇವತೆ, ನಮ್ಮ ಉಷೆ ಇದ್ದ ಹಾಗೆ.

ಪೌಲ್ ಎರ್ಲಿಚ್ ಅನ್ನುವ ಯುವ ವೈದ್ಯನಿಗೆ ಈ ಬಣ್ಣಗಳ ಹುಚ್ಚು. ಗಾಜಿನ ಮೇಲೆ ರಕ್ತದ ತೆಳು ಲೇಪ ಮಾಡಿ, ಒಣಗಿಸಿ, ಒಂದೊಂದೇ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದು ಅವನ ಕೆಲಸ. ಬಿಳಿ ರಕ್ತಕಣಗಳಲ್ಲಿ ಕೆಲವದರೊಳಗೆ ದಪ್ಪ ದಪ್ಪ ಹರಳಿನಂಥ ಕಾಳುಗಳಿರೋದನ್ನು ಇಂಗ್ಲೆಂಡಿನ ಥಾಮಸ್ ವಾರ್ಟನ್ ಜೋನ್ಸ್ 1846ರಲ್ಲೇ ಬರೆದಿದ್ದ. ಎರ್ಲಿಚ್ ಇಯೋಸಿನ್ ಹಾಕಿದಾಗ ಆ ಕಾಳುಗಳು ಬಣ್ಣವನ್ನು ಗಟಗಟ ಕುಡಿದ ಹಾಗೆ ಕೆಂಪಾಗಿ ಹೊಳೆದವು. 1879ರಲ್ಲಿ ಅವನು ಆ ಕಣಕ್ಕೆ ಇಯೋಸಿನೋಫಿಲ್ ಅಂತ ಹೆಸರಿಟ್ಟ. ಇಯೋಸಿನ್ ಅನ್ನು ಪ್ರೀತಿಸುವ ಕಣ ಅಂತ ಅರ್ಥ. ಈ ಎರ್ಲಿಚ್‌ನನ್ನು ನೆನಪಿಟ್ಟುಕೊಳ್ಳಿ, ಭಾರತದ ಕಥೆಯಲ್ಲಿ ಅವನು ಇನ್ನೊಂದು ಸಲ ಬರ್ತಾನೆ.

ಇದಕ್ಕೂ ಸ್ವಲ್ಪ ಮುಂಚೆ, 1872ರಲ್ಲಿ, ಅರ್ನ್ಸ್ಟ್ ಲೇಡನ್ ಅನ್ನುವ ವೈದ್ಯ ಉಬ್ಬಸದವರ ಕಫದಲ್ಲಿ ಸೂಜಿಯಂಥ ಹರಳುಗಳನ್ನು ಕಂಡಿದ್ದ. ಫ್ರಾನ್ಸಿನ ಶಾರ್ಕೋ ಅಂಥವನ್ನೇ ಬೇರೊಂದು ಕಾಯಿಲೆಯಲ್ಲಿ 1853ರಲ್ಲಿ ನೋಡಿದ್ದರಿಂದ ಅವಕ್ಕೆ ಶಾರ್ಕೋ-ಲೇಡನ್ ಹರಳು ಅಂತ ಹೆಸರಾಯಿತು. ಈ ಚೂಪು ಹರಳುಗಳೇ ಶ್ವಾಸನಾಳವನ್ನು ಕೆರಳಿಸಿ ಉಬ್ಬಸ ತರಿಸುತ್ತವೆ ಅಂತ ಲೇಡನ್ ಊಹಿಸಿದ. ಮುಂದೆ ಬಂದವರು ಅದನ್ನು ಹೆಚ್ಚು ತಲೆಗೆ ಹಾಕಿಕೊಳ್ಳಲಿಲ್ಲ. ಹರಳು ಅಂದರೆ ಸತ್ತ ಇಯೋಸಿನೋಫಿಲ್ ಬಿಟ್ಟುಹೋದ ಕಸ ಅಂದುಕೊಂಡರು. 2019ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಸಂಶೋಧಕರು ತೋರಿಸಿದ್ದೇನು ಗೊತ್ತಾ? ಗ್ಯಾಲೆಕ್ಟಿನ್-10 ಅನ್ನುವ ಪ್ರೋಟೀನಿನಿಂದಾದ ಈ ಹರಳುಗಳನ್ನು ಇಲಿಯ ಶ್ವಾಸಕೋಶಕ್ಕೆ ಹಾಕಿದರೆ ಉರಿಯೂತ ಕೆರಳುತ್ತೆ. ಲೇಡನ್ ಹೇಳಿದ್ದು ಪೂರ್ತಿ ಸರಿಯಲ್ಲದಿದ್ದರೂ, ಹರಳು ಬರೀ ಕಸ ಅಲ್ಲ ಅನ್ನೋದು ಗೊತ್ತಾಗಲು 147 ವರ್ಷ ಬೇಕಾಯಿತು.

1890ರ ಹೊತ್ತಿಗೆ ಉಬ್ಬಸದವರ ಕಫದಲ್ಲೂ ರಕ್ತದಲ್ಲೂ ಈ ಕೆಂಪು ಕಾಳಿನ ಕಣ ಹೆಚ್ಚಿರುತ್ತೆ ಅಂತ ಜರ್ಮನ್ ವೈದ್ಯರು ಬರೆದಾಗಿತ್ತು. ಹೆಚ್ಚಾದರೆ ಏನರ್ಥ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೀನು ತಿನ್ನಲಾಗದ ವೈದ್ಯ

ಎರಡನೇ ಸುಳಿವು ಸಿಕ್ಕಿದ್ದು ಕಣದಲ್ಲಲ್ಲ, ರಕ್ತದ ನೀರಿನಲ್ಲಿ, ಅಂದರೆ ಸೀರಮ್‌ನಲ್ಲಿ. ಜಾಗ ಬ್ರೆಸ್ಲೌ, ಇವತ್ತಿನ ಪೋಲೆಂಡಿನ ವ್ರೊಟ್ಸ್‌ವಾಫ್. 1921. ಹೈನ್ಜ್ ಕ್ಯುಸ್ಟ್ನರ್ ಅನ್ನುವ ವೈದ್ಯರಿಗೆ ಬೇಯಿಸಿದ ಮೀನು ತಿಂದರೆ ಮೈಯೆಲ್ಲ ದದ್ದು, ತುರಿಕೆ. ಅವರ ಸ್ನೇಹಿತ ಕಾರ್ಲ್ ಪ್ರೌಸ್‌ನಿಟ್ಜ್‌ಗೆ ಮೀನಿನ ತೊಂದರೆ ಏನೂ ಇಲ್ಲ. ಪ್ರೌಸ್‌ನಿಟ್ಜ್ ಒಂದು ಕೆಲಸ ಮಾಡಿದರು: ಕ್ಯುಸ್ಟ್ನರ್ ಅವರ ಸೀರಮ್ಮನ್ನು ತಮ್ಮ ಹೊಟ್ಟೆಯ ಚರ್ಮದೊಳಗೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡರು. ಆ ಜಾಗ ಮಾತ್ರ ಕೆಂಪಾಗಿ ದದ್ದೆದ್ದಿತು.

ಅಂದರೆ ಅಲರ್ಜಿಯನ್ನು ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ದಾಟಿಸಬಹುದು, ರಕ್ತದಲ್ಲಿ ಅಂಥದ್ದೇನೋ ಇದೆ ಅಂತಾಯಿತು. ಆ "ಏನೋ" ಯಾವುದು ಅಂತ ಹಿಡಿಯಲು ಇನ್ನೂ 45 ವರ್ಷ ಹಿಡಿಯಿತು, ಯಾಕಂದರೆ ಅದು ರಕ್ತದಲ್ಲಿರೋದು ತೀರಾ ಕಡಿಮೆ. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ಅನ್ನುವ ಜಪಾನಿ ದಂಪತಿ ಅದನ್ನು ಪತ್ತೆ ಮಾಡಿದರು. ಅದು ಒಂದು ಹೊಸ ಬಗೆಯ ಪ್ರತಿಕಾಯ. ಇತ್ತ ಸ್ವೀಡನ್ನಿನ ಉಪ್ಸಾಲದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಒಬ್ಬ ಮಜ್ಜೆ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಕಂಡಿದ್ದರು. ಎರಡೂ ಒಂದೇ ಅಂತ ಗೊತ್ತಾಗಿ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೌಸಾನ್‌ನಲ್ಲಿ ಸಭೆ ಕರೆದು ಐಜಿಇ ಅನ್ನುವ ಹೆಸರನ್ನು ಒಪ್ಪಿತು. ಇವತ್ತು ಲ್ಯಾಬಿನಲ್ಲಿ "ಟೋಟಲ್ ಐಜಿಇ" ಅಂತ ಮಾಡಿಸ್ತಾರಲ್ಲ, ಅದರ ಮೂಲ ಇದು.

ಹೀಗೆ ಉಬ್ಬಸಕ್ಕೆ ರಕ್ತದಲ್ಲಿ ಎರಡು ಗುರುತು ಸಿಕ್ಕವು: ಒಂದು ಕಣ, ಒಂದು ಪ್ರತಿಕಾಯ. ಆದರೆ ಈ ಎರಡೂ ಏರೋದು ಉಬ್ಬಸದಲ್ಲಿ ಮಾತ್ರ ಅಲ್ಲ. ಅದು ಸ್ಪಷ್ಟವಾಗಿ ಕಂಡದ್ದು ನಮ್ಮ ಪಕ್ಕದಲ್ಲೇ.

ಮದನಪಲ್ಲಿಯ ಕ್ಷಯವಲ್ಲದ ಕ್ಷಯ

ಕೋಲಾರ ಜಿಲ್ಲೆಯ ಗಡಿ ದಾಟಿ ಸ್ವಲ್ಪ ಹೋದರೆ ಆಂಧ್ರದ ಮದನಪಲ್ಲಿ. ಅಲ್ಲಿ ಆರೋಗ್ಯವರಂ ಅನ್ನುವ ಕಡೆ ಮಿಷನ್‌ನವರ ಕ್ಷಯರೋಗದ ಸ್ಯಾನಟೋರಿಯಂ ಇತ್ತು. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್-ಮೊಲ್ಲರ್ ಅಲ್ಲಿ ಕೆಲಸ ಮಾಡುತ್ತಿದ್ದರು. ಕೆಮ್ಮು, ಸಣ್ಣ ಜ್ವರ, ತೂಕ ಇಳಿದು ಬರುವ ರೋಗಿಗಳು. ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ತುಂಬ ಸಣ್ಣ ಸಣ್ಣ ಚುಕ್ಕಿ. ನೋಡಿದವರು ಕ್ಷಯ ಅಂತಲೇ ಅನ್ನಬೇಕು. ಆದರೆ ಕೆಲವರ ಕಫದಲ್ಲಿ ಎಷ್ಟು ಹುಡುಕಿದರೂ ಕ್ಷಯದ ಬ್ಯಾಕ್ಟೀರಿಯಾ ಇಲ್ಲ. ರಕ್ತ ನೋಡಿದರೆ ಇಯೋಸಿನೋಫಿಲ್ ವಿಪರೀತ. 1940ರಲ್ಲಿ ಅವರು ಮತ್ತು ಬಾರ್ಟನ್ ಸೇರಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಇದನ್ನು ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ ಸ್ಥಿತಿ ಅಂತ ವರದಿ ಮಾಡಿದರು.

ಆ ಕಾಲವನ್ನು ಸ್ವಲ್ಪ ಯೋಚಿಸಿ. ಸ್ಟ್ರೆಪ್ಟೋಮೈಸಿನ್ ಇನ್ನೂ ಬಂದಿರಲಿಲ್ಲ. ಕ್ಷಯ ಅಂದರೆ ತಿಂಗಳುಗಟ್ಟಲೆ ಹಾಸಿಗೆ, ಮನೆಯಲ್ಲಿ ಬೇರೆ ತಟ್ಟೆ ಬೇರೆ ಲೋಟ, ಮದುವೆಯಾಗದ ಹೆಣ್ಣುಮಕ್ಕಳಿದ್ದರೆ ಇಡೀ ಮನೆತನಕ್ಕೇ ಕಳಂಕ. ಇಲ್ಲದ ಕ್ಷಯದ ಹಣೆಪಟ್ಟಿ ಹೊತ್ತ ಮನುಷ್ಯನಿಗೆ, ಒಂದು ತೊಟ್ಟು ರಕ್ತದಲ್ಲಿ ಕೆಂಪು ಕಾಳಿನ ಕಣ ಎಣಿಸೋದು ಅಂದರೆ ಬದುಕೇ ಬದಲಾಗುವ ಮಾತು.

1943ರಲ್ಲಿ ಆರ್. ಜೆ. ವೈನ್‌ಗಾರ್ಟನ್ ಇಂಥದ್ದೇ 81 ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು "ಟ್ರಾಪಿಕಲ್ ಇಯೋಸಿನೋಫಿಲಿಯಾ" ಅಂತ ಹೆಸರಿಟ್ಟರು. ನಮ್ಮ ಮನೆಗಳ ಈಸ್ನೋಫಿಲಿಯಾ ಪದ ಹಬ್ಬಿದ್ದರಲ್ಲಿ ಈ ಕಾಯಿಲೆಯ ಪಾಲು ದೊಡ್ಡದು ಅಂತ ನನಗನ್ನಿಸುತ್ತೆ. ಇವರ ಒಬ್ಬ ರೋಗಿಗೆ ಸಿಫಿಲಿಸ್ ಕೂಡ ಇತ್ತು. ಅದಕ್ಕೆಂದು ಆರ್ಸೆನಿಕ್ ಸೇರಿದ ನಿಯೋಸಾಲ್ವರ್ಸಾನ್ ಇಂಜೆಕ್ಷನ್ ಕೊಟ್ಟರು, ನೋಡಿದರೆ ಕೆಮ್ಮು ಉಬ್ಬಸವೂ ನಿಂತಿತು! ಆ ಔಷಧಿ ಕಂಡುಹಿಡಿದವನು ಯಾರು ಅಂದ್ಕೊಂಡ್ರಿ? ಅದೇ ಪೌಲ್ ಎರ್ಲಿಚ್. ಕಣಕ್ಕೆ ಹೆಸರಿಟ್ಟವನ ಔಷಧಿಯೇ 60 ವರ್ಷದ ಮೇಲೆ, ಬೇರೆ ಖಂಡದಲ್ಲಿ, ಆ ಕಣವನ್ನು ಇಳಿಸಿತು. ಎರ್ಲಿಚ್ ಅದನ್ನು ನೋಡಲು ಇರಲಿಲ್ಲ, 1915ರಲ್ಲೇ ತೀರಿಕೊಂಡಿದ್ದ.

ಆರ್ಸೆನಿಕ್ ಯಾಕೆ ಕೆಲಸ ಮಾಡಿತು ಅನ್ನೋದಕ್ಕೆ ನಿಜವಾದ ಕಾರಣ ಸಿಗಬೇಕಿತ್ತು. 1950ರ ದಶಕದಲ್ಲಿ ಆನೆಕಾಲು ರೋಗದ ಔಷಧಿ ಡೈಇಥೈಲ್‌ಕಾರ್ಬಮಜೈನ್ ಈ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡೋದು ಕಂಡಿತು. ಹೆಟ್ರಜಾನ್ ಅಂದರೆ ಹಿರಿಯರಿಗೆ ಗೊತ್ತಾಗುತ್ತೆ. ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅದು ತಯಾರಾದಾಗ ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಕೊನೆಗೆ 1960ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೆಬ್, ಜಾಬ್ ಮತ್ತು ಗಾಲ್ಟ್ ರೋಗಿಗಳ ಶ್ವಾಸಕೋಶದ ಅಂಗಾಂಶದೊಳಗೇ ಫೈಲೇರಿಯಾ ಹುಳುವಿನ ಮರಿಗಳನ್ನು ತೋರಿಸಿದರು. ಸೊಳ್ಳೆಯಿಂದ ಬರುವ ಈ ಹುಳುವಿನ ಮರಿಗಳು ಸಾಮಾನ್ಯವಾಗಿ ರಾತ್ರಿ ಹೊತ್ತು ರಕ್ತದಲ್ಲಿ ಓಡಾಡ್ತವೆ. ಈ ರೋಗಿಗಳಲ್ಲಿ ದೇಹ ಅವನ್ನು ಶ್ವಾಸಕೋಶದಲ್ಲೇ ಹಿಡಿದುಹಾಕಿ ವಿಪರೀತ ರೇಗಾಡುತ್ತೆ. ಅದಕ್ಕೇ ರಕ್ತದಲ್ಲಿ ಹುಳು ಸಿಗೋದಿಲ್ಲ, ಇಯೋಸಿನೋಫಿಲ್ ಮತ್ತು ಐಜಿಇ ಮಾತ್ರ ಆಕಾಶಕ್ಕೇರಿರುತ್ತೆ. ಸಾಮಾನ್ಯರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ರೊಳಗೆ ಇರಬೇಕಾದ ಕಣ ಇಲ್ಲಿ 3000 ದಾಟಿರುತ್ತೆ.

ಡರ್ಬಿಯ ಸೂಕ್ಷ್ಮದರ್ಶಕ

ಈಗ ಆಗಲೇ ಹೇಳಿದ ಮೊದಲ ಎಡವಟ್ಟಿಗೆ ಬರೋಣ. 1950ರ ಹೊತ್ತಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಬಂದು ಕೀಲುವಾತದಲ್ಲಿ ಪವಾಡ ಮಾಡಿತ್ತು. ಉಬ್ಬಸಕ್ಕೂ ಆಗುತ್ತಾ ಅಂತ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪರೀಕ್ಷಿಸಿತು. 1956ರಲ್ಲಿ ಬಂದ ಫಲಿತಾಂಶ ನೀರಸ. ದೀರ್ಘಕಾಲದ ಉಬ್ಬಸದಲ್ಲಿ ಹೇಳಿಕೊಳ್ಳುವಂಥ, ಬಾಳುವಂಥ ಲಾಭ ಕಾಣಲಿಲ್ಲ.

ಡರ್ಬಿ ಅನ್ನುವ ಊರಿನ ಎದೆರೋಗ ವೈದ್ಯ ಹ್ಯಾರಿ ಮಾರೋ ಬ್ರೌನ್‌ಗೆ ಇದು ಸರಿಯೆನಿಸಲಿಲ್ಲ. ಅವರು ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎರಡು ಗುಂಪು ಮಾಡಿದರು: ಇಯೋಸಿನೋಫಿಲ್ ಇರುವವರು, ಇಲ್ಲದವರು. ಇಬ್ಬರಿಗೂ ಪ್ರೆಡ್ನಿಸೋಲೋನ್ ಕೊಟ್ಟರು. ಕಫದಲ್ಲಿ ಆ ಕಣ ಇದ್ದವರು ಚೇತರಿಸಿಕೊಂಡರು. ಇಲ್ಲದವರಿಗೆ ಅಷ್ಟಕ್ಕಷ್ಟೆ. 1958ರಲ್ಲಿ ಲ್ಯಾನ್ಸೆಟ್‌ನಲ್ಲಿ ಇದು ಪ್ರಕಟವಾಯಿತು. ಕೌನ್ಸಿಲ್‌ನ ಪರೀಕ್ಷೆಯಲ್ಲಿ ಎರಡೂ ಬಗೆಯವರು ಬೆರೆತಿದ್ದಿರಬೇಕು, ಒಬ್ಬರಿಗಾದ ಲಾಭ ಇನ್ನೊಬ್ಬರಿಗಾಗದ ಲಾಭದಲ್ಲಿ ಮುಳುಗಿಹೋಗಿರಬೇಕು ಅನ್ನೋದು ಇದರಿಂದ ಬರುವ ವಿವರಣೆ. ಇದೇ ಮಾರೋ ಬ್ರೌನ್ 1972ರಲ್ಲಿ ಬೆಕ್ಲೋಮೆಥಾಸೋನ್ ಅನ್ನುವ ಸ್ಟೀರಾಯ್ಡನ್ನು ಇನ್ಹೇಲರ್ ಮೂಲಕ ಕೊಟ್ಟು ಬಂದ ಫಲವನ್ನು ವರದಿ ಮಾಡಿದರು. ಇವತ್ತು ಲಕ್ಷಾಂತರ ಜನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಸ್ಟೀರಾಯ್ಡ್ ಇನ್ಹೇಲರ್‌ಗೆ ದಾರಿಯಾದದ್ದು ಅದು.

ಮಜ್ಜೆಗೆ ಹೋಗುವ ಕಾಗದ

ಮುಂದಿನ ಪ್ರಶ್ನೆ: ಶ್ವಾಸನಾಳದಲ್ಲಿ ತೊಂದರೆಯಾದರೆ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕಣಕ್ಕೆ ಅದು ಗೊತ್ತಾಗೋದು ಹೇಗೆ? ಯಾರೋ ಕಾಗದ ಬರೆದು ಕಳಿಸಬೇಕಲ್ಲ. 1980ರ ದಶಕದಲ್ಲಿ ಆ ಕಾಗದ ಸಿಕ್ಕಿತು. ಲಂಡನ್ನಿನಲ್ಲಿ ಕಾಲಿನ್ ಸ್ಯಾಂಡರ್‌ಸನ್ ಇಯೋಸಿನೋಫಿಲ್ ಬೆಳೆಸುವ ಒಂದು ಪ್ರೋಟೀನನ್ನು ಹುಡುಕುತ್ತಿದ್ದರು. ಜಪಾನಿನಲ್ಲಿ ಕಿಯೋಶಿ ತಕಾತ್ಸು ಅವರ ತಂಡ ಪ್ರತಿಕಾಯ ತಯಾರಿಸುವ ಕಣಗಳನ್ನು ಚುರುಕಾಗಿಸುವ ಪ್ರೋಟೀನಿನ ಹಿಂದೆ ಬಿದ್ದಿತ್ತು. ಇಬ್ಬರು ಹುಡುಕಿದ್ದೂ ಒಂದೇ ವಸ್ತು. ಅದೇ ಇಂಟರ್‌ಲ್ಯೂಕಿನ್-5.

1986ರಲ್ಲಿ ಅಮೆರಿಕದ ಮಾಸ್‌ಮನ್ ಮತ್ತು ಕಾಫ್‌ಮನ್ ಇಲಿಗಳಲ್ಲಿ ಇನ್ನೊಂದು ವಿಷಯ ತೋರಿಸಿದರು. ರೋಗನಿರೋಧಕ ವ್ಯವಸ್ಥೆಯ ಸಹಾಯಕ ಟಿ-ಕಣಗಳಲ್ಲೇ ಬೇರೆ ಬೇರೆ ಪಂಗಡ ಇವೆ. ಎರಡನೇ ಪಂಗಡದವು ಇಂಟರ್‌ಲ್ಯೂಕಿನ್ 4, 5, 13 ಅನ್ನುವ ಸಂದೇಶಗಳನ್ನು ಕಳಿಸ್ತವೆ. 4 ಹೋದಲ್ಲಿ ಐಜಿಇ ತಯಾರಾಗುತ್ತೆ. 5 ಮಜ್ಜೆಗೆ ಹೋಗಿ ಇಯೋಸಿನೋಫಿಲ್ ಸೈನ್ಯವನ್ನು ಹೊರಡಿಸುತ್ತೆ. 13ರಿಂದ ಶ್ವಾಸನಾಳದಲ್ಲಿ ಲೋಳೆ ಹೆಚ್ಚಾಗುತ್ತೆ, ನಾಳ ಸಣ್ಣ ಕಾರಣಕ್ಕೂ ಬಿಗಿದುಕೊಳ್ಳುವ ಹಾಗಾಗುತ್ತೆ. ಬಂದು ಸೇರಿದ ಇಯೋಸಿನೋಫಿಲ್ ತನ್ನೊಳಗಿನ ಕೆಂಪು ಕಾಳುಗಳನ್ನು ಅಲ್ಲೇ ಚೆಲ್ಲುತ್ತೆ. ಹುಳುವಿನ ಮೇಲೆ ಸುರಿಯಬೇಕಾದ ವಿಷ ನಮ್ಮದೇ ಶ್ವಾಸನಾಳದ ಒಳಪದರವನ್ನು ಸುಡುತ್ತೆ. ಎರ್ಲಿಚ್ ಕಂಡ ಕಾಳು, ಬ್ರೆಸ್ಲೌನ ದದ್ದು, ಮದನಪಲ್ಲಿಯ ಕೆಮ್ಮು, ಇಷ್ಟೂ ಒಂದೇ ದಾರದಲ್ಲಿ ಪೋಣಿಸಿದ ಹಾಗಾಯಿತು.

ಹಾಗಿದ್ದರೆ ಆ ಕಾಗದವನ್ನೇ ದಾರಿಯಲ್ಲಿ ತಡೆದರೆ? ಇಂಟರ್‌ಲ್ಯೂಕಿನ್-5 ಅನ್ನು ಹಿಡಿದುಹಾಕುವ ಮೆಪೊಲಿಜುಮ್ಯಾಬ್ ಅನ್ನುವ ಇಂಜೆಕ್ಷನ್ ತಯಾರಾಯಿತು. 2000ದಲ್ಲಿ ಸೌಮ್ಯ ಉಬ್ಬಸದವರಿಗೆ ಕೊಟ್ಟು ನೋಡಿದರು. ರಕ್ತದಲ್ಲಿ ಕಣ ಇಳಿಯಿತು, ಶ್ವಾಸನಾಳದ ಬಿಗಿತ ಹಾಗೇ ಇತ್ತು. 2007ರಲ್ಲಿ 362 ಜನರ ಪರೀಕ್ಷೆಯಲ್ಲೂ ಉಬ್ಬಸಕ್ಕೆ ಗಣನೀಯ ಲಾಭ ಕಾಣಲಿಲ್ಲ. ಇಯೋಸಿನೋಫಿಲ್‌ಗೂ ಉಬ್ಬಸಕ್ಕೂ ಸಂಬಂಧವೇ ಇಲ್ಲವೇನೋ ಅನ್ನುವ ಮಾತು ಶುರುವಾಯಿತು.

1956ರ ಕಥೆ ನೆನಪಾಯಿತಲ್ಲ? ಅದೇ ಎಡವಟ್ಟು. ಈ ಪರೀಕ್ಷೆಗಳಿಗೆ ರೋಗಿಗಳನ್ನು ಆರಿಸುವಾಗ ಅವರಲ್ಲಿ ಇಯೋಸಿನೋಫಿಲ್ ಹೆಚ್ಚಿದೆಯಾ ಅಂತ ನೋಡಿಯೇ ಇರಲಿಲ್ಲ. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಎರಡು ತಂಡಗಳು ಆರಿಸಿ ನೋಡಿದವು. ಹ್ಯಾಮಿಲ್ಟನ್ ತಂಡದ ಮುಂದಾಳು ಪರಮೇಶ್ವರನ್ ನಾಯರ್. ಔಷಧಿಗೆ ಬಗ್ಗದ ತೀವ್ರ ಉಬ್ಬಸ ಇರಬೇಕು, ಜೊತೆಗೆ ಇಯೋಸಿನೋಫಿಲ್ ಏರಿರಬೇಕು, ಅಂಥವರನ್ನೇ ಸೇರಿಸಿಕೊಂಡರು. ಲೆಸ್ಟರ್‌ನಲ್ಲಿ 61 ಜನ, ಹ್ಯಾಮಿಲ್ಟನ್‌ನಲ್ಲಿ ಬರೀ 20. ಲೆಸ್ಟರ್‌ನಲ್ಲಿ ಉಬ್ಬಸ ಉಲ್ಬಣಿಸೋದು ವರ್ಷಕ್ಕೆ ಸರಾಸರಿ 3.4 ಸಲದಿಂದ 2 ಸಲಕ್ಕೆ ಇಳಿದಿತ್ತು. 362 ಜನರಲ್ಲಿ ಕಾಣದ ಲಾಭ 61 ಜನರಲ್ಲಿ ಕಂಡಿತು. ಔಷಧಿ ಅದೇ, ಬದಲಾದದ್ದು ಯಾರಿಗೆ ಕೊಟ್ಟರು ಅನ್ನೋದು. 2012ರ ದೊಡ್ಡ ಪರೀಕ್ಷೆ ಕಫ ನೋಡಬೇಕಿಲ್ಲ, ರಕ್ತದ ಲೆಕ್ಕವೇ ಸಾಕು ಅಂತ ತೋರಿಸಿತು. 2015ರಲ್ಲಿ ಅಮೆರಿಕದಲ್ಲಿ ಔಷಧಿಗೆ ಅನುಮತಿ ಸಿಕ್ಕಿತು.

ಹೊಗೆಯ ಕಾಯಿಲೆ, ಮತ್ತು ನಮ್ಮ ರಿಪೋರ್ಟು

ಸಿಒಪಿಡಿ ಅಂತೀವಲ್ಲ, ಬೀಡಿ ಸಿಗರೇಟು ಸೇದಿದವರಿಗೆ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿಗೆ ಬರುವ ಏದುಸಿರು. ಅಲ್ಲೂ ಈಗ ಇದೇ ಲೆಕ್ಕ ಬಂದಿದೆ. ಆ ಕಾಯಿಲೆಯಲ್ಲಿ ಹೆಚ್ಚಿನವರಿಗೆ ನ್ಯೂಟ್ರೋಫಿಲ್ ಅನ್ನುವ ಬೇರೆ ಕಣದ ಉರಿಯೂತ. ಆದರೆ ಒಂದು ಪಾಲು ಜನರಲ್ಲಿ ಇಯೋಸಿನೋಫಿಲ್ ಏರಿರುತ್ತೆ. 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳೋದು: ಪದೇ ಪದೇ ಉಲ್ಬಣಿಸುವವರಲ್ಲಿ ಲೆಕ್ಕ 300 ದಾಟಿದ್ದರೆ ಸ್ಟೀರಾಯ್ಡ್ ಇನ್ಹೇಲರ್‌ನಿಂದ ಲಾಭ ಹೆಚ್ಚು, 100ಕ್ಕಿಂತ ಕಡಿಮೆ ಇದ್ದರೆ ಲಾಭ ಕಡಿಮೆ, ನ್ಯುಮೋನಿಯಾದ ಅಪಾಯವನ್ನೂ ಯೋಚಿಸಬೇಕು.

ಹಾಗಂತ ರಿಪೋರ್ಟು ಕೈಗೆ ಬಂದ ತಕ್ಷಣ ನಾವೇ ತೀರ್ಪು ಕೊಡೋದು ಬೇಡ. ಈ ಲೆಕ್ಕ ಬೆಳಿಗ್ಗೆ ಒಂದು, ರಾತ್ರಿ ಒಂದು. ನಿನ್ನೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಇವತ್ತು ಸುಳ್ಳೇ ಇಳಿದಿರುತ್ತೆ. ಪಶ್ಚಿಮದ ದೇಶಗಳಲ್ಲಿ 300 ಅಂದರೆ ಅವರು ಮೊದಲು ಅಲರ್ಜಿ ಕಡೆ ನೋಡಬಹುದು; ನಮ್ಮಲ್ಲಿ ಹೊಟ್ಟೆಹುಳುವೂ ಇರಬಹುದು. ನಮ್ಮ ಕರಾವಳಿ ಮತ್ತು ಕಲ್ಯಾಣ ಕರ್ನಾಟಕದ ಹಲವು ಜಿಲ್ಲೆಗಳು ಆನೆಕಾಲು ರೋಗದ ಪಟ್ಟಿಯಲ್ಲಿದ್ದಂಥವು. ಅಲ್ಲಿ ಬೆಳೆದವರಿಗೆ ರಾತ್ರಿ ಕೆಮ್ಮು ಮತ್ತು ಸಾವಿರಗಟ್ಟಲೆ ಇಯೋಸಿನೋಫಿಲ್ ಬಂದರೆ ಮದನಪಲ್ಲಿಯ ಪಾಠ ಇನ್ನೂ ಲಾಗೂ. ಅವರಿಗೆ ಬೇಕಾದ್ದು ವರ್ಷಾನುಗಟ್ಟಲೆ ಇನ್ಹೇಲರ್ ಅಲ್ಲ, ಹುಳುವಿನ ಔಷಧಿ, ಸಾಮಾನ್ಯವಾಗಿ ಮೂರು ವಾರ. ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗಬಹುದು. ಸ್ಟ್ರಾಂಗೈಲಾಯ್ಡಿಸ್‌ನಂಥ ಹುಳು ಒಳಗಿರುವಾಗ ಸ್ಟೀರಾಯ್ಡ್ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಆದ್ದರಿಂದ ನಾನು ಕೇಳಿಕೊಳ್ಳೋದು ಇಷ್ಟೆ. ಮುಂದಿನ ಸಲ ಯಾರಾದರೂ "ಈಸ್ನೋಫಿಲಿಯಾ ಇದೆ" ಅಂದರೆ ಅಲ್ಲಿಗೇ ಬಿಡಬೇಡಿ. "ಎಷ್ಟಿದೆ? ಯಾಕಿದೆ?" ಅಂತ ಡಾಕ್ಟರನ್ನು ಕೇಳಿ. ಹಳೆಯ ರಿಪೋರ್ಟುಗಳನ್ನು ಬಿಸಾಡದೆ ತಗೊಂಡು ಹೋಗಿ. ಯಾವ ಔಷಧಿ ತಗೊಳ್ಳುವಾಗ ಮಾಡಿಸಿದ್ದು, ಯಾವ ಊರಲ್ಲಿ ಬೆಳೆದದ್ದು, ಇದನ್ನೂ ಹೇಳಿ. ಔಷಧಿ ಆರಿಸುವಾಗ ಈ ವಿವರಗಳು ನಿಜಕ್ಕೂ ಉಪಯೋಗಕ್ಕೆ ಬರ್ತವೆ.